25 ಎಂಎಲ್ ಬೇಕಿದ್ದ ಕಡೆ 7.8ಕ್ಕೇ ಮುಗೀತು, ದುರ್ಬಲ ಆಮ್ಲ ಅಂದ್ರೆ ಇದೇ ಅಲ್ವಾ?

ಮೂರನೇ ಬೆಂಚು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ. ಡಿಗ್ರಿ ಮೊದಲನೇ ವರ್ಷ ಓದ್ತಿದೀನಿ. ನಿನ್ನೆ ಲ್ಯಾಬಲ್ಲಿ ಎರಡು ಟೈಟ್ರೇಶನ್ (ಆಸಿಡ್‌ಗೆ ಎಷ್ಟು ಬೇಸ್ ಬೇಕು ಅಂತ ಹನಿ ಹನಿ ಹಾಕಿ ಅಳೆಯೋದು) ಇತ್ತು. ಮೊದಲ್ನೇದು 0.1 ಮೋಲಾರ್ ಎಚ್‌ಸಿಎಲ್ 25 ಎಂಎಲ್, ಬ್ಯುರೆಟ್‌ನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಮೀಥೈಲ್ ಆರೆಂಜ್ ಎರಡು ಹನಿ, 25ಕ್ಕೆ ನೀಟಾಗಿ ಬಂತು. ಎರಡನೇದು ಅಸಿಟಿಕ್ ಆಸಿಡ್, ಅದೂ 0.1 ಮೋಲಾರ್, ಅದೂ 25 ಎಂಎಲ್. ಇಂಡಿಕೇಟರ್ ಬಾಟ್ಲಿ ಕೈಯಲ್ಲೇ ಇತ್ತಲ್ಲ ಅಂತ ಅದನ್ನೇ ಹಾಕ್ದೆ. 7.8 ಎಂಎಲ್‌ಗೆಲ್ಲಾ ಹಳದಿ ಆಗೋಯ್ತು!

ನಂಗೆ ಖುಷಿ ಆಗೋಯ್ತು ಯಾಕಂದ್ರೆ ಥಿಯರಿ ಜೊತೆ ಸರಿಯಾಗಿ ಕೂತಿತ್ತು. ರೆಕಾರ್ಡಲ್ಲಿ ಬರೆದೆ: "ಅಸಿಟಿಕ್ ಆಮ್ಲ ದುರ್ಬಲ ಆಮ್ಲ, ಪೂರ್ತಿ ವಿಯೋಜನೆ ಆಗುವುದಿಲ್ಲ, ಆದ್ದರಿಂದ ತಟಸ್ಥಗೊಳಿಸಲು ಕಡಿಮೆ ಪ್ರತ್ಯಾಮ್ಲ ಸಾಕು." ಮೇಡಂ ಅದರ ಮೇಲೆ ಕೆಂಪು ಇಂಕಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನೆ ಚಿಹ್ನೆ ಹಾಕಿ ಕೊಟ್ಟಿದಾರೆ. ಇನ್ನೇನೂ ಹೇಳಿಲ್ಲ. ತಪ್ಪು ಎಲ್ಲಿದೆ? ರೀಡಿಂಗ್ ಇದೆ, ಕಾರಣ ಇದೆ, ಎರಡೂ ಹೊಂದತ್ತೆ.

ಬ್ಯುರೆಟ್ ಹಿಡಿದ ಕೈ:
ಒಂದೇ ಪ್ರಶ್ನೆ. ಎಚ್‌ಸಿಎಲ್‌ನಲ್ಲಿ ಬಣ್ಣ ಹೆಂಗೆ ತಿರುಗ್ತು, ಅಸಿಟಿಕ್‌ನಲ್ಲಿ ಹೆಂಗೆ ತಿರುಗ್ತು?

ಮೂರನೇ ಬೆಂಚು:
ಎಚ್‌ಸಿಎಲ್‌ನಲ್ಲಿ ಕೆಂಪು ಕೆಂಪು ಕೆಂಪು, ಒಂದೇ ಹನಿಗೆ ಹಳದಿ. ಅಸಿಟಿಕ್‌ನಲ್ಲಿ ಶುರುವಿನಿಂದ್ಲೇ ನಿಧಾನಕ್ಕೆ ಜಾರ್ತಾ ಇತ್ತು, ಕೆಂಪು, ಆಮೇಲೆ ಕಿತ್ತಳೆ ಥರ, ಆಮೇಲೆ ಪೂರ್ತಿ ಹಳದಿ. ಎಲ್ಲಿ ನಿಲ್ಸಬೇಕು ಅಂತ ಗೊತ್ತಾಗ್ದೆ ಇನ್ನು ಬದಲಾಗ್ತಿಲ್ಲ ಅನ್ಸಿದ ಕಡೆ ನಿಲ್ಲಿಸ್ದೆ.

ಬ್ಯುರೆಟ್ ಹಿಡಿದ ಕೈ:
ಅಲ್ಲಿಗೆ ಕೇಸ್ ಮುಗೀತು ಗುರು. ಎಂಡ್‌ಪಾಯಿಂಟ್ ಯಾವತ್ತೂ ಜಾರಲ್ಲ, ಜಿಗಿಯತ್ತೆ. ಜಾರಿದ್ರೆ ಇಂಡಿಕೇಟರ್ ತಪ್ಪು ಅಂತ ಅರ್ಥ. ಮೀಥೈಲ್ ಆರೆಂಜ್ ಬಣ್ಣ ಬದಲಾಯಿಸೋದು ಪಿಎಚ್ (ಕಡಿಮೆ ಇದ್ದಷ್ಟೂ ಆಮ್ಲೀಯ) 3.1ರಿಂದ 4.4ರ ಮಧ್ಯೆ. ನಿನ್ನ ಅಸಿಟಿಕ್ ಆಸಿಡ್ ಶುರುವಾಗೋದೇ 2.88ರಲ್ಲಿ. ಅಂದ್ರೆ ಮೊದಲನೇ ಎಂಎಲ್‌ಗೇ ಇಂಡಿಕೇಟರ್ ಕೆಲಸ ಶುರು ಮಾಡಿ, ಆಸಿಡ್ ಮೂರನೇ ಎರಡು ಪಾಲು ಹಾಗೇ ಇರೋವಾಗ್ಲೇ ಅದರ ಕೆಲಸ ಮುಗಿದುಹೋಗಿದೆ. ಫೀನಾಲ್ಫ್‌ಥಲೀನ್ ಹಾಕಿ ಮತ್ತೆ ಮಾಡು, 25ಕ್ಕೇ ಬರತ್ತೆ.

ಮೂರನೇ ಬೆಂಚು:
ಸರ್, 25 ಹೆಂಗ್ ಬರತ್ತೆ? ವಿಯೋಜನೆ ಆಗಿ, ಅಂದ್ರೆ ಒಡೆದು ಎಚ್ ಪ್ಲಸ್ ಬಿಟ್ಟಿರೋದೇ ಸ್ವಲ್ಪ. ಎಚ್ ಪ್ಲಸ್ಸೇ ಇಲ್ದಿದ್ರೆ ಓಎಚ್ ಮೈನಸ್ ಯಾರ ಜೊತೆ ಸೇರತ್ತೆ?

ಹಳೇ ಮೇಷ್ಟ್ರು:
ಮಗು, ನಿನ್ನ ತರ್ಕಾನ ನೀನೇ ಕೊನೆವರೆಗೂ ಹಿಡ್ಕೊಂಡು ಹೋಗಿ ನೋಡು. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಯಾವುದೇ ಕ್ಷಣದಲ್ಲಿ ಅಯಾನ್ ರೂಪದಲ್ಲಿ, ಅಂದ್ರೆ ಒಡೆದು ಚಾರ್ಜ್ ಹೊತ್ತು ಇರೋದು ಸುಮಾರು 1.3 ಪರ್ಸೆಂಟ್. ಇರೋ ಎಚ್ ಪ್ಲಸ್ಸಿಗೆ ಮಾತ್ರ ಪ್ರತ್ಯಾಮ್ಲ ಬೇಕು ಅನ್ನೋದಾದ್ರೆ 25 ಎಂಎಲ್‌ನಲ್ಲಿ 1.3 ಪರ್ಸೆಂಟ್, ಅಂದ್ರೆ 0.33 ಎಂಎಲ್. ಬ್ಯುರೆಟ್‌ನಿಂದ ಆರೇಳು ಹನಿ. ನಿನಗೆ ಬಂದಿದ್ದು 7.8. ನಿನ್ನ ರೀಡಿಂಗ್ ನಿನ್ನ ಕಾರಣಕ್ಕೂ ಹೊಂದಲ್ಲ, 25 ಬರಬೇಕು ಅನ್ನೋ ನಮ್ಮ ಲೆಕ್ಕಕ್ಕೂ ಹೊಂದಲ್ಲ. "ಕಡಿಮೆ ಬಂತು" ಅನ್ನೋದಷ್ಟನ್ನೇ ನೋಡಿ "ಹೊಂದಿತು" ಅಂದ್ಕೊಂಡೆ, ಎಷ್ಟು ಕಡಿಮೆ ಬರಬೇಕಿತ್ತು ಅಂತ ಲೆಕ್ಕ ಹಾಕ್ಲಿಲ್ಲ. ನಿಮ್ಮ ಮೇಡಂ ಹಾಕಿದ ಪ್ರಶ್ನೆ ಚಿಹ್ನೆ ಬಹುಶಃ ಅದೇ.

ಈಗ ಎರಡನೇ ವಿಷಯ. 1.3 ಪರ್ಸೆಂಟ್ ಅಂದ ತಕ್ಷಣ ನಿನ್ನ ಕಣ್ಮುಂದೆ ಬರೋ ಚಿತ್ರ ಏನು? ನೂರು ಅಣುಗಳಲ್ಲಿ ಒಂದು ಒಡೆದಿದೆ, ತೊಂಬತ್ತೊಂಬತ್ತು ಗಟ್ಟಿಯಾಗಿ ಕೂತಿವೆ, ಅವು ಒಡೆಯೋದೇ ಇಲ್ಲ. ಅಲ್ವಾ? ಆ ಚಿತ್ರವೇ ತಪ್ಪು. ಎಲ್ಲಾ ಅಣುಗಳೂ ಒಡೀತಾವೆ, ಮತ್ತೆ ಕೂಡ್ತಾವೆ, ಮತ್ತೆ ಒಡೀತಾವೆ. ಮ್ಯಾನ್‌ಫ್ರೆಡ್ ಐಗನ್ ಅಂತ ಜರ್ಮನ್ ವಿಜ್ಞಾನಿ ಇಂಥ ಅತಿವೇಗದ ಕ್ರಿಯೆಗಳನ್ನ ಅಳೆಯೋ ದಾರಿ ಕಂಡುಹಿಡಿದು 1967ರಲ್ಲಿ ನೊಬೆಲ್ ತಗೊಂಡ್ರು. ಆ ಥರದ ಅಳತೆಗಳ ಪ್ರಕಾರ ನೀರಲ್ಲಿರೋ ಒಂದು ಅಸಿಟಿಕ್ ಆಮ್ಲದ ಅಣು ಸೆಕೆಂಡಿಗೆ ಸುಮಾರು ಎಂಟು ಲಕ್ಷ ಸಲ ಪ್ರೋಟಾನ್, ಅಂದ್ರೆ ಎಚ್ ಪ್ಲಸ್, ಬಿಟ್ಟುಕೊಡುತ್ತೆ. ಬಿಟ್ಟ ಪ್ರೋಟಾನ್ ವಾಪಸ್ ಬಂದು ಸೇರ್ಕೊಳ್ಳೋದು ಅದಕ್ಕಿಂತ ಎಷ್ಟೋ ಪಟ್ಟು ಬೇಗ, ಹಾಗಾಗಿ ಯಾವಾಗ ಲೆಕ್ಕ ತಗೊಂಡ್ರೂ ಒಡೆದ ಸ್ಥಿತಿಯಲ್ಲಿ ಸಿಗೋದು 1.3 ಪರ್ಸೆಂಟ್ ಮಾತ್ರ.

ನೀನು ಸೋಡಿಯಂ ಹೈಡ್ರಾಕ್ಸೈಡ್ ಹಾಕ್ದಾಗ ಓಎಚ್ ಮೈನಸ್ ಹೋಗಿ ಈಚೆ ಬಂದ ಪ್ರೋಟಾನ್‌ನ ಕಿತ್ಕೊಂಡು ನೀರಾಗುತ್ತೆ. ಇನ್ನು ವಾಪಸ್ ಸೇರೋಕೆ ಪ್ರೋಟಾನ್ ಇಲ್ಲ. ಹೀಗೆ ಕೊನೇ ಅಣು ಖಾಲಿಯಾಗೋ ತನಕ ನಡೆಯುತ್ತೆ. ಬೇಸ್ ಎಷ್ಟು ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಒಟ್ಟು ಎಷ್ಟು ಮೋಲ್ ಆಮ್ಲ ಹಾಕಿದ್ದೆ ಅನ್ನೋದು, ಅದು ದುರ್ಬಲವೋ ಪ್ರಬಲವೋ ಅನ್ನೋದಲ್ಲ.

ಸುಮ್ನೆ ಓದೋಳು:
ಎಂಟು ಲಕ್ಷ ಸಲಾನಾ?? ಸೆಕೆಂಡಿಗಾ?? ಇಷ್ಟು ವರ್ಷ ಆ ತೊಂಬತ್ತೊಂಬತ್ತು ಸುಮ್ನೆ ಕೂತಿರತ್ತೆ ಅಂತಾನೇ ಅಂದ್ಕೊಂಡಿದ್ದೆ ನಾನು.

ರಾತ್ರಿ ಪಾಳಿ:
ಇಷ್ಟೆಲ್ಲಾ ಯಾಕೆ ಮಾರಾಯ್ರೆ, ದುರ್ಬಲ ಅಂದ್ರೆ ಪಿಎಚ್ ಜಾಸ್ತಿ, ಪ್ರಬಲ ಅಂದ್ರೆ ಪಿಎಚ್ ಕಡಿಮೆ. ಮುಗೀತು.

ಬ್ಯುರೆಟ್ ಹಿಡಿದ ಕೈ:
ಮುಗೀಲಿಲ್ಲ. 0.001 ಮೋಲಾರ್ ಎಚ್‌ಸಿಎಲ್ ಪಿಎಚ್ 3. 0.1 ಮೋಲಾರ್ ಅಸಿಟಿಕ್ ಪಿಎಚ್ 2.88. ಇಲ್ಲಿ ಯಾವುದು ಪ್ರಬಲ ಹೇಳಿ ನೋಡೋಣ? ಪಿಎಚ್ ಅನ್ನೋದು ನಿಮ್ಮ ಬೀಕರ್‌ನಲ್ಲಿರೋ ದ್ರಾವಣದ ಇವತ್ತಿನ ಸ್ಥಿತಿ. ನೀರು ಸುರಿದ್ರೆ ಬದಲಾಗತ್ತೆ. ಆಸಿಡ್ ಸ್ಟ್ರೆಂಗ್ತ್ ಅನ್ನೋದು ಆ ಆಸಿಡ್‌ನ ಗುಣ, ಅದನ್ನ ಹೇಳೋದು ಕೆಎ (ವಿಯೋಜನಾ ಸ್ಥಿರಾಂಕ). ಅಸಿಟಿಕ್‌ಗೆ 25 ಡಿಗ್ರಿಯಲ್ಲಿ ಸುಮಾರು 1.8 × 10⁻⁵ (ಇನ್ನೂ ನಿಖರವಾಗಿ 1.75 × 10⁻⁵), ಅದನ್ನೇ ಪಿಕೆಎ ಮಾಡಿದ್ರೆ, ಅಂದ್ರೆ ಲಾಗ್ ತಗೊಂಡು ಮೈನಸ್ ಹಾಕಿದ್ರೆ, 4.76; ಇದು ಕಡಿಮೆ ಇದ್ದಷ್ಟೂ ಆಸಿಡ್ ಪ್ರಬಲ. ಬಾಟ್ಲಿ ತುಂಬಾ ಇದ್ರೂ ಅಷ್ಟೇ, ಒಂದು ಹನಿಯನ್ನ ಬಕೆಟ್ ನೀರಿಗೆ ಹಾಕಿದ್ರೂ ಅಷ್ಟೇ.

ಹಳೇ ಮೇಷ್ಟ್ರು:
ಈ ಗೊಂದಲಕ್ಕೆ ಅರ್ಧ ಕಾರಣ ನಾವು ದಿನಾ ಬಳಸೋ "ಸ್ಟ್ರಾಂಗ್" ಅನ್ನೋ ಪದ. ಗಟ್ಟಿ ದ್ರಾವಣಕ್ಕೂ ಸ್ಟ್ರಾಂಗ್ ಅಂತೀವಿ, ಪ್ರಬಲ ಆಮ್ಲಕ್ಕೂ ಸ್ಟ್ರಾಂಗ್ ಅಂತೀವಿ. ಕನ್ನಡ ಮೀಡಿಯಂ ಪುಸ್ತಕದಲ್ಲಿ ಇದು ಚೆನ್ನಾಗಿ ಬೇರೆಬೇರೆ ಇತ್ತು: ನೀರು ಸೇರಿಸಿ ತೆಳು ಮಾಡಿದ್ದಕ್ಕೆ ಸಾರರಿಕ್ತ, ವಿಯೋಜನೆ ಕಮ್ಮಿ ಆಗೋದಕ್ಕೆ ದುರ್ಬಲ. ಸಾರರಿಕ್ತ ಅಂದ್ರೆ ಸಾರ ಇಲ್ಲ, ಬಲದ ಮಾತೇ ಅಲ್ಲಿಲ್ಲ. ಸಾರರಿಕ್ತ ಪ್ರಬಲ ಆಮ್ಲ ಇರಬಹುದು, ಸಾರೀಕೃತ ದುರ್ಬಲ ಆಮ್ಲವೂ ಇರಬಹುದು. ಆ ಪದ ಕೇಳಿದ್ರೆ ಮಕ್ಕಳು ನಗ್ತಿದ್ರು, ನಂಗೆ ಮಾತ್ರ ಅದು ಇಂಗ್ಲಿಷ್ ಪದಕ್ಕಿಂತ ಸ್ಪಷ್ಟ ಅನ್ಸೋದು.

ಸುಮ್ನೆ ಓದೋಳು:
ಮೇಷ್ಟ್ರೇ, ನಂದೂ ಒಂದು ಹಳೇ ಡೌಟು. ನೀರು ಸೇರಿಸಿದಷ್ಟೂ ದುರ್ಬಲ ಆಮ್ಲದ ವಿಯೋಜನೆ ಜಾಸ್ತಿ ಆಗತ್ತೆ ಅಂತ ಓದಿದೀನಿ. ಜಾಸ್ತಿ ಒಡೆದ್ರೆ ಜಾಸ್ತಿ ಎಚ್ ಪ್ಲಸ್. ಹಂಗಂದ್ರೆ ತೆಳು ಮಾಡಿದಷ್ಟೂ ಆಸಿಡ್ ಜೋರಾಗ್ಬೇಕಲ್ವಾ? ಆದ್ರೆ ಹಂಗಾಗಲ್ಲ. ಇದನ್ನ ಕೇಳಿದಾಗೆಲ್ಲಾ "ಲೆ ಶಾಟಲಿಯೆ ತತ್ವ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ, ನಂಗೆ ಅದು ಮಂತ್ರ ಹೇಳಿದ ಹಾಗೆ ಕೇಳತ್ತೆ.

ಹಳೇ ಮೇಷ್ಟ್ರು:
ಒಳ್ಳೇ ಪ್ರಶ್ನೆ ತಾಯಿ, ಮಂತ್ರ ಬಿಟ್ಟು ಅಂಕಿ ಹಿಡಿಯೋಣ.

ಕೆಎ ಅಂದ್ರೆ ಎಚ್ ಪ್ಲಸ್ ಸಾರತೆಯನ್ನ (ಲೀಟರಿಗೆ ಎಷ್ಟು ಮೋಲ್ ಅನ್ನೋದನ್ನ) ಅಸಿಟೇಟ್, ಅಂದ್ರೆ ಪ್ರೋಟಾನ್ ಬಿಟ್ಟು ಉಳಿದ ಅಯಾನ್, ಅದರ ಸಾರತೆಯಿಂದ ಗುಣಿಸಿ, ಒಡೆಯದೆ ಉಳಿದ ಆಮ್ಲದ ಸಾರತೆಯಿಂದ ಭಾಗಿಸೋದು. ಮೇಲೆ ಎರಡು, ಕೆಳಗೆ ಒಂದು. ಈಗ ದ್ರಾವಣಕ್ಕೆ ಅಷ್ಟೇ ನೀರು ಸುರಿ. ಸುರಿದ ಆ ಕ್ಷಣದಲ್ಲಿ ಮೂರೂ ಅರ್ಧ ಆಗುತ್ತೆ. ಮೇಲೆ ಅರ್ಧ ಗುಣಿಸು ಅರ್ಧ, ಅಂದ್ರೆ ಕಾಲು. ಕೆಳಗೆ ಅರ್ಧ. ಕಾಲನ್ನ ಅರ್ಧದಿಂದ ಭಾಗಿಸಿದ್ರೆ ಅರ್ಧ. ಅಂದ್ರೆ ಅನುಪಾತ ಕೆಎಗಿಂತ ಅರ್ಧಕ್ಕೆ ಬಿತ್ತು. ಆದ್ರೆ ಅದು ಕೆಎಗೆ ಸಮ ಇರಲೇಬೇಕು, ಹಾಗಾಗಿ ಇನ್ನಷ್ಟು ಆಮ್ಲ ಒಡೆದು ಮೇಲಿನ ಸಂಖ್ಯೆಯನ್ನ ಏರಿಸುತ್ತೆ. ಅಷ್ಟೇ ಕತೆ. ಅಣುಗಳ ಕಡೆಯಿಂದ ನೋಡಿದ್ರೆ ಇನ್ನೂ ಸುಲಭ: ಒಡೆಯೋಕೆ ಒಂದು ಅಣು, ಪಕ್ಕದಲ್ಲಿ ನೀರು ಸಾಕು, ನೀರಿಗೇನು ಬರ ಇಲ್ಲ. ವಾಪಸ್ ಕೂಡೋಕೆ ಎರಡು ಅಯಾನ್ ಒಂದಕ್ಕೊಂದು ಎದುರಾಗ್ಬೇಕು. ಜಾಗ ದೊಡ್ಡದಾದ್ರೆ ಎದುರಾಗೋದು ಕಮ್ಮಿ.

ಈಗ ಲೆಕ್ಕ. 0.1 ಮೋಲಾರ್‌ನಲ್ಲಿ 1.3 ಪರ್ಸೆಂಟ್ ಒಡೆದಿತ್ತು, ಪಿಎಚ್ 2.88. ಹತ್ತು ಪಟ್ಟು ತೆಳು ಮಾಡಿ 0.01ಕ್ಕೆ ತಂದ್ರೆ 4.2 ಪರ್ಸೆಂಟ್ ಹತ್ತಿರ, ಪಿಎಚ್ 3.38. ಇನ್ನೂ ಹತ್ತು ಪಟ್ಟು, 0.001ರಲ್ಲಿ 12.5 ಪರ್ಸೆಂಟ್, ಪಿಎಚ್ 3.9. ನೋಡು, ಒಡೆಯೋ ಪಾಲು ಏರ್ತಾನೇ ಇದೆ, ಆದ್ರೆ ಎಚ್ ಪ್ಲಸ್ ಸಾರತೆ ಇಳೀತಾನೇ ಇದೆ. ಸಾರತೆ ಹತ್ತು ಪಟ್ಟು ಇಳಿದಾಗ ಪಾಲು ಏರೋದು ಮೂರು ಪಟ್ಟು ಚಿಲ್ಲರೆ ಮಾತ್ರ, ಹತ್ತರ ವರ್ಗಮೂಲ. ಏರಿಕೆ ಇಳಿಕೆಯನ್ನ ಯಾವತ್ತೂ ಹಿಡಿಯಲ್ಲ. ಇದನ್ನ 1888ರಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಸೂತ್ರ ಮಾಡಿ ಕೊಟ್ಟ, ಅದಕ್ಕೇ ಓಸ್ಟ್‌ವಾಲ್ಡ್ ದುರ್ಬಲೀಕರಣ ನಿಯಮ ಅಂತ ಹೆಸರು. (ಅಯ್ಯೋ, ಈ ಹೆಸರಲ್ಲೇ "ದುರ್ಬಲೀಕರಣ" ಅಂತ ಬಂದು ನಾನು ಮೇಲೆ ಹೊಗಳಿದ್ದೆಲ್ಲಾ ನೀರಲ್ಲಿ ಹೋಯ್ತು.)

ಇಲೆಕ್ಟ್ರಾನ್ ಮೋಡ:
ಒಂದು ಎಚ್ಚರಿಕೆ, ವರ್ಗಮೂಲದ ಶಾರ್ಟ್‌ಕಟ್ (ಕೆಎಯನ್ನ ಸಾರತೆಯಿಂದ ಭಾಗಿಸಿ ವರ್ಗಮೂಲ ತಗೊಳ್ಳೋದು) 0.001ರಲ್ಲಿ ಹಾಕಿದ್ರೆ 13.4 ಪರ್ಸೆಂಟ್ ಬರತ್ತೆ. ಮೇಷ್ಟ್ರು ಹೇಳಿದ 12.5 ಬರೋದು ಪೂರ್ತಿ ವರ್ಗ ಸಮೀಕರಣ ಬಿಡಿಸಿದಾಗ. ಐದು ಪರ್ಸೆಂಟ್ ದಾಟಿತು ಅಂದ್ರೆ ಶಾರ್ಟ್‌ಕಟ್ ಬಿಟ್ಬಿಡಿ.

ಬ್ಯುರೆಟ್ ಹಿಡಿದ ಕೈ:
ಮೇಷ್ಟ್ರು ಹೇಳಿದ್ದನ್ನ ಕಣ್ಣಲ್ಲಿ ನೋಡ್ಬೇಕು ಅಂದ್ರೆ ಕಂಡಕ್ಟಿವಿಟಿ ಮೀಟರ್ ಇಟ್ಕೊಂಡು ಗ್ಲೇಷಿಯಲ್ (ನೀರಿಲ್ಲದ ಶುದ್ಧ) ಅಸಿಟಿಕ್ ಆಸಿಡ್‌ಗೆ ಅದ್ದಿ. ಹೆಚ್ಚುಕಡಿಮೆ ಸೊನ್ನೆ. 17 ಮೋಲಾರ್ ಮೇಲಿರೋ ಆಸಿಡ್, ಮುಚ್ಚಳ ತೆಗೆದ್ರೆ ಮೂಗು ಸುಟ್ಟುಹೋಗೋ ಥರ ಘಾಟು, ಮೀಟರ್ ಮಾತ್ರ ಏನೂ ಇಲ್ಲ ಅನ್ನತ್ತೆ! ಪ್ರೋಟಾನ್ ಇಸ್ಕೊಳ್ಳೋಕೆ ನೀರೇ ಇಲ್ವಲ್ಲ. ಈಗ ನೀರು ಸೇರಿಸ್ತಾ ಬನ್ನಿ, ಮುಳ್ಳು ಏರತ್ತೆ ಏರತ್ತೆ, ಒಂದು ಕಡೆ ಮುಟ್ಟಿ ಆಮೇಲೆ ಇಳಿಯೋಕೆ ಶುರು. ಏರೋದು ಒಡೆಯೋ ಪಾಲು ಜಾಸ್ತಿ ಆಗ್ತಿರೋದ್ರಿಂದ, ಇಳಿಯೋದು ಒಟ್ಟಾರೆ ಅಯಾನ್‌ಗಳು ತೆಳ್ಳಗೆ ಹರಡಿಹೋಗೋದ್ರಿಂದ. ಫ್ಯೂಮ್ ಹುಡ್ ಒಳಗೆ ಮಾಡಿ, ಗ್ಲೌಸ್ ಹಾಕಿ, ಚರ್ಮಕ್ಕೆ ಬಿದ್ರೆ ಬೊಬ್ಬೆ ಬರತ್ತೆ. "ದುರ್ಬಲ" ಅಂತ ಲೇಬಲ್ ನೋಡಿ ಮೋಸ ಹೋಗ್ಬೇಡಿ.

ಮೂರನೇ ಬೆಂಚು:
ಈಗ ಸ್ವಲ್ಪ ಸ್ವಲ್ಪ ತಲೆಗೆ ಹತ್ತಿದೆ. ಆದ್ರೆ ಕೆಎ ಯಾಕೆ ಒಂದೊಂದಕ್ಕೆ ಒಂದೊಂದು? ಅಸಿಟಿಕ್ ಯಾಕೆ ದುರ್ಬಲ, ಎಚ್‌ಸಿಎಲ್ ಯಾಕೆ ಪ್ರಬಲ? ಟೇಬಲ್ ನೋಡಿ ಬಾಯಿಪಾಠ ಮಾಡೋದೊಂದೇ ದಾರೀನಾ?

ಇಲೆಕ್ಟ್ರಾನ್ ಮೋಡ:
ಬಾಯಿಪಾಠ ಬೇಡ. ಪ್ರೋಟಾನ್ ಬಿಟ್ಟುಹೋದ ಮೇಲೆ ಹಿಂದೆ ಉಳಿಯೋ ನೆಗೆಟಿವ್ ಅಯಾನ್‌ನ ನೋಡು. ಅದು ಆ ಚಾರ್ಜ್ ಇಟ್ಕೊಂಡು ಎಷ್ಟು ನೆಮ್ಮದಿಯಾಗಿ ಇರಬಲ್ಲದು ಅನ್ನೋದ್ರ ಮೇಲೆ ಬಹಳಷ್ಟು ನಿಂತಿದೆ. ಇಥನಾಲ್‌ನಲ್ಲೂ ಓಎಚ್ ಇದೆ, ಅಸಿಟಿಕ್‌ನಲ್ಲೂ ಓಎಚ್ ಇದೆ. ಇಥನಾಲ್ ಪಿಕೆಎ 16ರ ಆಸುಪಾಸು, ಅಸಿಟಿಕ್ 4.76. ಹನ್ನೊಂದು ಪಿಕೆಎ ವ್ಯತ್ಯಾಸ ಅಂದ್ರೆ ಹತ್ತು ಸಾವಿರ ಕೋಟಿ ಪಟ್ಟು! ಇಥಾಕ್ಸೈಡ್‌ನಲ್ಲಿ (ಇಥನಾಲ್ ಪ್ರೋಟಾನ್ ಬಿಟ್ಟ ಮೇಲೆ ಉಳಿಯೋ ಅಯಾನ್) ಇಡೀ ಚಾರ್ಜ್ ಒಂದೇ ಆಕ್ಸಿಜನ್ ತಲೆ ಮೇಲೆ, ಅಸಿಟೇಟ್‌ನಲ್ಲಿ ಎರಡು ಆಕ್ಸಿಜನ್ ಹಂಚ್ಕೊಂಡಿವೆ.

ಅಸಿಟಿಕ್‌ನ ಮೀಥೈಲ್‌ನಲ್ಲಿ ಒಂದು ಹೈಡ್ರೋಜನ್ ತೆಗೆದು ಕ್ಲೋರಿನ್ ಹಾಕು, ಪಿಕೆಎ 2.86. ಅಂದ್ರೆ ಒಂದೇ ಕ್ಲೋರಿನ್‌ಗೆ ಸುಮಾರು ಎಂಬತ್ತು ಪಟ್ಟು ಪ್ರಬಲ. ಮೂರು ಹಾಕಿದ್ರೆ ಪಿಕೆಎ ಒಂದಕ್ಕಿಂತಲೂ ಕೆಳಗೆ. ಕ್ಲೋರಿನ್ ಪಕ್ಕದಲ್ಲಿ ಕೂತ್ಕೊಂಡು ಇಲೆಕ್ಟ್ರಾನ್ ಎಳ್ಕೊಳ್ತಿರತ್ತೆ, ಅಯಾನ್‌ನ ಭಾರ ಇಳಿಯತ್ತೆ.

ಸುಮ್ನೆ ಓದೋಳು:
ಹಂಗಾದ್ರೆ ಫ್ಲೋರಿನ್ ಎಲ್ಲಕ್ಕಿಂತ ಜಾಸ್ತಿ ಇಲೆಕ್ಟ್ರಾನ್ ಎಳೆಯೋದು. ಎಚ್‌ಎಫ್ ಎಲ್ಲಕ್ಕಿಂತ ಪ್ರಬಲ ಆಗ್ಬೇಕಿತ್ತಲ್ಲ? ಅದು ದುರ್ಬಲ ಆಮ್ಲ ಅಂತಾರೆ.

ಇಲೆಕ್ಟ್ರಾನ್ ಮೋಡ:
ಸರಿಯಾದ ಜಾಗಕ್ಕೆ ಕೈ ಇಟ್ರಿ ಮೇಡಂ. ಮೇಲಿನ ಉದಾಹರಣೆಲಿ ಒಡೆಯೋ ಬಂಧ ಬದಲಾಗ್ಲಿಲ್ಲ, ಎಲ್ಲಾ ಕಡೆ ಆಕ್ಸಿಜನ್–ಹೈಡ್ರೋಜನ್ನೇ. ಎಚ್‌ಎಫ್, ಎಚ್‌ಸಿಎಲ್, ಎಚ್‌ಬಿಆರ್, ಎಚ್‌ಐ ಸಾಲಿನಲ್ಲಿ ಒಡೆಯೋ ಬಂಧವೇ ಬೇರೆಬೇರೆ. ಎಚ್‌ಎಫ್ ಬಂಧ ಮುರಿಯೋಕೆ ಮೋಲ್‌ಗೆ ಸುಮಾರು 565 ಕಿಲೋಜೌಲ್, ಎಚ್‌ಸಿಎಲ್‌ಗೆ 431, ಎಚ್‌ಐಗೆ ಬರೀ 299. ಅಯೋಡೈಡ್ ಅಯಾನ್ ದೊಡ್ಡದು, ಚಾರ್ಜ್ ಹರಡ್ಕೊಂಡು ಕೂರತ್ತೆ. ಅದಕ್ಕೇ ಎಚ್‌ಐ ಎಲ್ಲಕ್ಕಿಂತ ಪ್ರಬಲ, ಎಚ್‌ಎಫ್ ಮಾತ್ರ ಪಿಕೆಎ 3.2ರ ಹತ್ತಿರ ಇರೋ ದುರ್ಬಲ ಆಮ್ಲ. ಹಾಗಂತ ಬರೀ ಬಂಧದ ಲೆಕ್ಕದಲ್ಲೂ ಎಲ್ಲಾ ಮುಗಿಯಲ್ಲ, ನೀರು ಅಯಾನ್‌ಗಳನ್ನ ಸುತ್ತುವರಿಯೋದ್ರ ಪಾಲು ದೊಡ್ಡದಿದೆ. ಅಸಿಟಿಕ್ ಆಮ್ಲದ ವಿಯೋಜನೆಯ ಎಂಥಾಲ್ಪಿ (ಶಾಖದ) ಬದಲಾವಣೆ ಹೆಚ್ಚುಕಡಿಮೆ ಸೊನ್ನೆ ಗೊತ್ತಾ? ಶಕ್ತಿ ಲೆಕ್ಕದಲ್ಲಿ ಒಡೆಯೋಕೆ ಅಡ್ಡಿಯೇ ಇಲ್ಲ. ಅದನ್ನ ತಡೀತಿರೋದು ಎಂಟ್ರೊಪಿ, ಅಯಾನ್ ಬಂದ ತಕ್ಷಣ ನೀರಿನ ಅಣುಗಳೆಲ್ಲಾ ಅದರ ಸುತ್ತ ಸಾಲಾಗಿ ನಿಲ್ಲಬೇಕಾಗತ್ತಲ್ಲ, ಅದು. ಪರೀಕ್ಷೆಗೆ ರೆಸೊನೆನ್ಸ್ (ಚಾರ್ಜ್ ಎರಡು ಆಕ್ಸಿಜನ್‌ಗೆ ಹಂಚಿಹೋಗೋದು) ಅಂತ ಬರೀ, ಮನಸ್ಸಲ್ಲಿ ನೀರನ್ನೂ ಇಟ್ಕೋ.

ರಾತ್ರಿ ಪಾಳಿ:
ಎಚ್‌ಎಫ್ ಹೆಸರು ಬಂತು ಅಂತ ಹೇಳ್ತೀನಿ, ಪಿಎಚ್ ವಿಷಯದಲ್ಲಿ ಮೇಲೆ ಬೈಸ್ಕೊಂಡಿದೀನಿ, ಇದ್ರಲ್ಲಿ ಮಾತ್ರ ನನ್ನ ಮಾತು ಕೇಳಿ. ನಾನು ಕೆಲಸ ಮಾಡೋ ಕಡೆ ಇದನ್ನ ಬಳಸ್ತೀವಿ. ಹೊಸಬ ಒಬ್ಬ "ವೀಕ್ ಆಸಿಡ್ ತಾನೇ" ಅಂತ ತೆಳು ಗ್ಲೌಸಲ್ಲಿ ಕೈ ಹಾಕೋಕೆ ಹೋಗಿದ್ದ, ನಾನು ಕಿರುಚಿದ್ದು ಪಕ್ಕದ ಹಾಲ್‌ಗೂ ಕೇಳ್ಸಿತ್ತು. ಎಚ್‌ಎಫ್ ಗಾಜನ್ನೇ ಕೊರೆಯತ್ತೆ, ಪ್ಲಾಸ್ಟಿಕ್ ಬಾಟ್ಲಿಲಿ ಇಡೋದು ಅದಕ್ಕೇ. ಒಡೆಯದೆ ಇರೋ ಎಚ್‌ಎಫ್ ಅಣುವಿಗೆ ಚಾರ್ಜ್ ಇಲ್ಲ, ಹಾಗಾಗಿ ಚರ್ಮದ ಒಳಗೆ ಆಳಕ್ಕೆ ಇಳಿಯತ್ತೆ, ಒಳಗೆ ಹೋಗಿ ಫ್ಲೋರೈಡ್ ಕ್ಯಾಲ್ಸಿಯಂ ಹಿಡ್ಕೊಳ್ಳತ್ತೆ. ತೆಳು ದ್ರಾವಣ ಆದ್ರೆ ಉರಿ ತಕ್ಷಣ ಗೊತ್ತೂ ಆಗಲ್ಲ, ಗಂಟೆಗಳ ಮೇಲೆ ಶುರುವಾಗತ್ತೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕೋ ಕಡೆ ಇಲ್ದೆ ನಾವು ಬಾಟ್ಲಿ ತೆಗೆಯೋದೇ ಇಲ್ಲ.

ಬ್ಯುರೆಟ್ ಹಿಡಿದ ಕೈ:
ರಾತ್ರಿ ಪಾಳಿಯವರಿಗೆ ಕೈ ಮುಗಿದೆ. ಮೇಲಿನ ಜಗಳ ಮಾಫಿ.

ಮೂರನೇ ಬೆಂಚು:
ಅಂದ್ರೆ ಎಚ್‌ಸಿಎಲ್‌ಗಿಂತ ಎಚ್‌ಐ ಪ್ರಬಲ ಅಂದ್ರಲ್ಲ, ಹಂಗಾದ್ರೆ 0.1 ಮೋಲಾರ್ ಎಚ್‌ಐ ಪಿಎಚ್ 1ಕ್ಕಿಂತ ಕಡಿಮೆ ಇರತ್ತಾ?

ಹಳೇ ಮೇಷ್ಟ್ರು:
ಇಲ್ಲ, ಎರಡೂ ನೀರಲ್ಲಿ ಒಂದೇ. ಎರಡೂ ತಮ್ಮ ಪ್ರೋಟಾನನ್ನೆಲ್ಲಾ ನೀರಿಗೆ ಒಪ್ಪಿಸಿಬಿಡುತ್ತವೆ, ಆಮೇಲೆ ದ್ರಾವಣದಲ್ಲಿ ಆಮ್ಲವಾಗಿ ಇರೋದು ಹೈಡ್ರೋನಿಯಂ (ಪ್ರೋಟಾನ್ ಹಿಡ್ಕೊಂಡ ನೀರು) ಮಾತ್ರ, ಅದು ಯಾರು ಕೊಟ್ಟ ಪ್ರೋಟಾನ್ ಅಂತ ನೀರಿಗೆ ನೆನಪಿರಲ್ಲ. ವ್ಯತ್ಯಾಸ ನೋಡಬೇಕು ಅಂದ್ರೆ ನೀರಿನಷ್ಟು ಸುಲಭವಾಗಿ ಪ್ರೋಟಾನ್ ತಗೊಳ್ಳದ ದ್ರಾವಕ ಬೇಕು, ಉದಾಹರಣೆಗೆ ಗ್ಲೇಷಿಯಲ್ ಅಸಿಟಿಕ್ ಆಮ್ಲವೇ. ನಿನ್ನ ಟೈಟ್ರೇಶನ್‌ನಲ್ಲಿ ಪ್ರೋಟಾನ್ ಕೊಡೋ ಅಸಿಟಿಕ್ ಅಲ್ಲಿ ತಗೊಳ್ಳೋ ಜಾಗದಲ್ಲಿ ನಿಲ್ಲುತ್ತೆ.

ಮತ್ತೆ ರೆಕಾರ್ಡಿನ ಅಡ್ಡಗೆರೆಗೆ ತಲೆ ಕೆಡಿಸ್ಕೋಬೇಡ. ದ್ರಾವಣದಲ್ಲಿ ಅಯಾನ್‌ಗಳು ತಾವೇ ಬಿಡಿಬಿಡಿಯಾಗಿ ಇರ್ತಾವೆ ಅನ್ನೋ ವಿಚಾರದ ಬೀಜ ಇದ್ದದ್ದು ಸ್ವೀಡನ್ನಿನ ಆರೇನಿಯಸ್ 1884ರಲ್ಲಿ ಉಪ್ಸಾಲಾದಲ್ಲಿ ಕೊಟ್ಟ ಪ್ರಬಂಧದಲ್ಲಿ. ಅಲ್ಲಿಯ ಪ್ರಾಧ್ಯಾಪಕರು ತೀರಾ ಕಡಿಮೆ ದರ್ಜೆ ಕೊಟ್ಟು ಕಳಿಸಿದ್ರು. ಅದನ್ನ ಓದಿ ಮೆಚ್ಚಿ ಅವನನ್ನ ಹುಡುಕ್ಕೊಂಡು ಉಪ್ಸಾಲಾಗೇ ಹೋದವನು ಮೇಲೆ ಹೇಳಿದ ಅದೇ ಓಸ್ಟ್‌ವಾಲ್ಡ್. 1903ರಲ್ಲಿ ಆರೇನಿಯಸ್‌ಗೆ ನೊಬೆಲ್ ಬಂತು.

ಬ್ಯುರೆಟ್ ಹಿಡಿದ ಕೈ:
ಮೇಷ್ಟ್ರೇ, ಆರೇನಿಯಸ್ ಬರೆದಿದ್ದು ಸರಿಯಿತ್ತು, ಇವನು ಬರೆದಿದ್ದು ತಪ್ಪು 😄

ಏನೋ ಮೂರನೇ ಬೆಂಚು, ಲ್ಯಾಬಲ್ಲಿ ಪಿಎಚ್ ಮೀಟರ್ ಇದ್ಯಾ? ಇದ್ರೆ ಇಂಡಿಕೇಟರ್ ಜೊತೆ ಅದನ್ನೂ ಇಟ್ಕೊಂಡು ಮಾಡು. ಮೂರು ಕಡೆ ನೋಡು: ಶುರುವಿನಲ್ಲಿ, ನೀನು ನಿಲ್ಲಿಸಿದ್ದ 7.8 ಎಂಎಲ್‌ನಲ್ಲಿ, ಆಮೇಲೆ 12.5 ಎಂಎಲ್‌ನಲ್ಲಿ. 12.5ರಲ್ಲಿ ಅರ್ಧ ಆಮ್ಲ ಅಸಿಟೇಟ್ ಆಗಿರತ್ತೆ, ಕೆಎ ಸೂತ್ರದಲ್ಲಿ ಮೇಲಿರೋ ಅಸಿಟೇಟ್, ಕೆಳಗಿರೋ ಆಮ್ಲ ಸಮ ಆಗಿ ಹೊಡೆದುಹೋಗತ್ತೆ, ಎಚ್ ಪ್ಲಸ್ ಸಾರತೆ ನೇರವಾಗಿ ಕೆಎಗೆ ಸಮ. ಕೆಎ ಅನ್ನೋದು ಪುಸ್ತಕದ ಟೇಬಲ್‌ನಿಂದ ಬರೋದಲ್ಲ, ನಿನ್ನ ಬೀಕರ್‌ನಿಂದ್ಲೇ ಬರತ್ತೆ.

ಮೂರನೇ ಬೆಂಚು:
ನಾಲ್ಕು ದಿನ ಆಯ್ತು, ಇವತ್ತು ಮಾಡಿದೆ, ಬಸ್ಸಲ್ಲೇ ಕೂತು ಟೈಪ್ ಮಾಡ್ತಿದೀನಿ.

ಫೀನಾಲ್ಫ್‌ಥಲೀನ್ ಹಾಕಿದ್ದೆ. ಶುರುವಿನಲ್ಲಿ ಮೀಟರ್ 2.9. ಒಂದೊಂದೇ ಎಂಎಲ್ ಬಿಡ್ತಾ ಹೋದೆ. 7.8ಕ್ಕೆ ನಿಲ್ಲಿಸಿ ನೋಡ್ದೆ: 4.4. ಅಕ್ಷರಶಃ ಮೀಥೈಲ್ ಆರೆಂಜ್ ಹಳದಿ ಆಗಿ ಮುಗಿಯೋ ಜಾಗ! ಆವತ್ತು ನಾನು ಅಳೆದಿದ್ದು ಆಸಿಡ್‌ನ ಅಲ್ಲ, ಇಂಡಿಕೇಟರ್‌ನ. 12.5ರಲ್ಲಿ 4.7. ಆಮೇಲೆ ಮಧ್ಯದಲ್ಲಿ ಎಷ್ಟು ಹಾಕಿದ್ರೂ ಮೀಟರ್ ಅಲ್ಲಾಡ್ತಾನೇ ಇರ್ಲಿಲ್ಲ, 17 ದಾಟಿದ್ರೂ 5.1. ಬೇಜಾರಾಗಿ ಇದು ಕೆಟ್ಟೋಗಿದೆ ಅಂದ್ಕೊಂಡೆ. 24.5 ಆದ್ಮೇಲೆ ಹನಿ ಹನಿ ಬಿಟ್ಟೆ, 24.9ಕ್ಕೆ ಒಂದೇ ಹನಿ, ತೆಳು ಗುಲಾಬಿ ಬಂದು ನಿಂತ್ಕೊಳ್ತು, ಮೀಟರ್ 7 ಚಿಲ್ಲರೆಯಿಂದ 9ರ ಹತ್ತಿರ ಹಾರಿತ್ತು.

ಮೇಡಂಗೆ ಗ್ರಾಫ್ ತೋರಿಸಿದೆ. ಪ್ರಶ್ನೆ ಚಿಹ್ನೆ ಪಕ್ಕದಲ್ಲಿ ಟಿಕ್ ಹಾಕಿ, ಸಮಾನತಾ ಬಿಂದು (ಆಮ್ಲಕ್ಕೆ ಸರಿಸಮ ಪ್ರತ್ಯಾಮ್ಲ ಸೇರಿದ ಜಾಗ) ಪಿಎಚ್ 7ರಲ್ಲಿ ಯಾಕೆ ಬರ್ಲಿಲ್ಲ ಅಂತ ಬರ್ಕೊಂಡು ಬಾ ಅಂದ್ರು.

ಸುಮ್ನೆ ಓದೋಳು:
ಇದಕ್ಕೆ ನಾನೇ ಉತ್ತರ ಹೇಳ್ಲಾ? ಕೊನೇಲಿ ಬೀಕರಲ್ಲಿ ಉಳಿಯೋದು ಸೋಡಿಯಂ ಅಸಿಟೇಟ್. ಅಸಿಟೇಟ್ ಪ್ರೋಟಾನ್ ವಾಪಸ್ ತಗೊಳ್ಳೋ ಸ್ವಭಾವದ್ದು, ನೀರಿನಿಂದಾನೂ ಸ್ವಲ್ಪ ಕಿತ್ಕೊಳ್ಳತ್ತೆ, ಓಎಚ್ ಮೈನಸ್ ಉಳ್ಕೊಳ್ಳತ್ತೆ. ಲೆಕ್ಕ ಹಾಕ್ದೆ, 0.05 ಮೋಲಾರ್ ಅಸಿಟೇಟ್‌ಗೆ 8.72 ಬಂತು. ಸರಿನಾ ಮೇಷ್ಟ್ರೇ?

ಹಳೇ ಮೇಷ್ಟ್ರು:
ಸರಿ ತಾಯಿ. 0.1 ಅನ್ನದೆ 0.05 ಅಂತ ಹಾಕಿದ್ಯಲ್ಲ, ಗಾತ್ರ ಎರಡು ಪಟ್ಟಾಗಿರೋದನ್ನ ಮರೀಲಿಲ್ಲ, ಅಲ್ಲೇ ಅರ್ಧ ಕ್ಲಾಸ್ ಬೀಳೋದು.

ಬ್ಯುರೆಟ್ ಹಿಡಿದ ಕೈ:
24.9 ಯಾಕೆ, 25 ಯಾಕಿಲ್ಲ? ಮೀಟರ್ ಕ್ಯಾಲಿಬ್ರೇಟ್ ಮಾಡಿದ್ಯಾ? ಬ್ಯುರೆಟ್ ತುದೀಲಿ ಗಾಳಿ ಗುಳ್ಳೆ ಇತ್ತಾ?

ಮೂರನೇ ಬೆಂಚು:
4, 7 ಎರಡು ಬಫರ್‌ನಲ್ಲೂ ಕ್ಯಾಲಿಬ್ರೇಟ್ ಮಾಡ್ದೆ ಸರ್. ಗುಳ್ಳೆ ನೋಡಿಲ್ಲ.

ಬ್ಯುರೆಟ್ ಹಿಡಿದ ಕೈ:
ನೋಡ್ಬೇಕು.